ಕುರಿಯ ಮೇಲಿನ ಸಾಲು ಹಲ್ಲು

ಮೇಷ್ಟರ ಕೆಲಸದಲ್ಲಿ ತನಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವುದು ಅಂಥ ಕಷ್ಟವೇನಲ್ಲ. ಕಷ್ಟವಾಗಿದ್ದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಮೊದಲ ತಿಂಗಳಲ್ಲೇ ಮನೆ ಸೇರಿಬಿಡುತ್ತಿದ್ದೆವು. ಎದುರಿಗೆ ಕುಳಿತವರಿಗೂ ಅದು ಗೊತ್ತಿರಬಾರದು, ಅಷ್ಟೆ. ಚರಿತ್ರೆಯ ಪಾಠದಲ್ಲಿ ಮಗನನ್ನು ಅಪ್ಪನಿಗಿಂತ ಮೊದಲೇ ಪಟ್ಟಕ್ಕೆ ಕೂರಿಸಿದರೂ ಆ ಅಪ್ಪ ಎದ್ದು ಬಂದು ತಕರಾರು ಮಾಡುವುದಿಲ್ಲ. ಭೂಗೋಳದಲ್ಲಿ ಇಂಗ್ಲೆಂಡಿನ ನದಿಯೊಂದನ್ನು ಬಲಕ್ಕೆ ತಿರುಗಿಸುವ ಬದಲು ಎಡಕ್ಕೆ ತಿರುಗಿಸಿದರೆ ಹೊಳವನಹಳ್ಳಿ ಸುತ್ತಿನಲ್ಲಿ ಯಾರ ಹೊಲಕ್ಕೂ ನೀರು ನುಗ್ಗುವುದಿಲ್ಲ. ಲೆಕ್ಕದಲ್ಲಿ ತಪ್ಪಿದರಂತೂ, ನೀವು ಕಂಡುಹಿಡಿಯುತ್ತೀರೋ ಇಲ್ಲವೋ ನೋಡೋಣ ಅಂತ ಬೇಕೆಂದೇ ಹಾಗೆ ಮಾಡಿದೆ ಎಂದುಬಿಡಬಹುದು. ಈ ಉಪಾಯವನ್ನು ಮೊದಲು ಕಂಡುಹಿಡಿದ ಮೇಷ್ಟರು ಯಾರೋ ತಿಳಿಯದು, ಅವರ ಹೊಟ್ಟೆ ತಣ್ಣಗಿರಲಿ. ವಿಜ್ಞಾನ ಮಾತ್ರ ಹಾಗಲ್ಲ. ನೀವು ಯಾವುದರ ವಿಷಯ ತಪ್ಪು ಹೇಳುತ್ತಿದ್ದೀರೋ ಅದೇ ಶಾಲೆಯ ಬಾಗಿಲಿಗೆ ಬಂದು, ಮೆಲುಕು ಹಾಕುತ್ತ, ನಿಮ್ಮನ್ನೇ ನೋಡುತ್ತ ನಿಂತಿರುತ್ತದೆ. ನನ್ನ ವಿಷಯದಲ್ಲಿ ಹಾಗೆಯೇ ಆಯಿತು. ಈಗ ಪೆನ್ಷನ್ ತಪ್ಪದೆ ಕೈಸೇರುತ್ತಿರುವುದರಿಂದ ಧೈರ್ಯವಾಗಿ ಹೇಳಿಕೊಳ್ಳುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮಧುಗಿರಿಯ ಪೇಟೆಬೀದಿಯಲ್ಲಿ. ನಮ್ಮದು ತಲೆತಲಾಂತರದ ಬಟ್ಟೆ ವ್ಯಾಪಾರದ ಮನೆ. ಬೆಳಿಗ್ಗೆ ಎದ್ದು ಲಿಂಗಪೂಜೆ, ಹಣೆಗೆ ವಿಭೂತಿ, ಆಮೇಲೆ ಅಂಗಡಿ. ಪ್ರಕೃತಿಯ ಜೊತೆಗೆ ನಮಗಿದ್ದ ವ್ಯವಹಾರ ಬಹಳ ಕಡಿಮೆ. ಮರಗಳಲ್ಲಿ ನನಗೆ ಎರಡೇ ಜಾತಿ ಗೊತ್ತಿದ್ದವು, ಬೇವಿನ ಮರ ಮತ್ತು ಬೇವಿನ ಮರವಲ್ಲದ್ದು. ಹಿತ್ತಲಲ್ಲಿ ಒಂದು ಎಮ್ಮೆ ಇತ್ತು ನಿಜ, ಆದರೆ ನಮಗೆ ಪರಿಚಯವಿದ್ದದ್ದು ಅದು ಹಾಲು ಕೊಡುವ ಕಡೆ ಮಾತ್ರ, ಹುಲ್ಲು ತಿನ್ನುವ ಕಡೆಯನ್ನು ಆಳು ನೋಡಿಕೊಳ್ಳುತ್ತಿದ್ದ. ಕುರಿಯ ಮಾತಂತೂ ಬಿಡಿ. ಮಾಂಸ ತಿನ್ನುವ ಮನೆಯಾಗಿದ್ದರೆ ತಲೆಕಾಲು ಸಾರಿನ ನೆವದಲ್ಲಾದರೂ ಅದರ ತಲೆಯ ಪರಿಚಯವಾಗುತ್ತಿತ್ತು, ನಮಗೆ ಆ ದಾರಿಯೂ ಇರಲಿಲ್ಲ. ಅಂಗಡಿಯಲ್ಲಿ ನಾನು ಬಟ್ಟೆ ಅಳೆದಾಗಲೆಲ್ಲ ಗಿರಾಕಿಗೆ ಒಂದು ಗೇಣು ಹೆಚ್ಚು ಹೋಗುತ್ತಿದ್ದುದರಿಂದ, ಇವನು ಓದಲು ಹೋಗುವುದೇ ಮನೆಗೆ ಲಾಭ ಎಂದು ಅಣ್ಣ ತೀರ್ಮಾನಿಸಿದ. ಹಾಗೆ ಓದಿ, ತುಮಕೂರಿನಲ್ಲಿ ಮೇಷ್ಟರ ತರಬೇತಿ ಮುಗಿಸಿ, ಹೊಳವನಹಳ್ಳಿಯಿಂದ ಎರಡು ಹರದಾರಿ ಆಚೆಗಿನ ಒಂದು ಹಳ್ಳಿಗೆ ಏಕೋಪಾಧ್ಯಾಯನಾಗಿ ಬಂದೆ. ಶಾಲೆಗೆ ಗೋಡೆ ಮೂರು ಕಡೆ ಇತ್ತು. ನಾಲ್ಕನೆಯ ಕಡೆ ಊರು ಇತ್ತು.

ನನ್ನ ನೌಕರಿಯ ಬಗ್ಗೆ ಇಲ್ಲೇ ಒಂದು ಮಾತು ಒಪ್ಪಿಕೊಳ್ಳಬೇಕು. ಅದು ಹಂಗಾಮಿ ನೌಕರಿ. ಇನ್‌ಸ್ಪೆಕ್ಟರು ಬಂದು ನೋಡಿ, ಪರವಾಗಿಲ್ಲ ಎಂದು ಬರೆದರೆ ಖಾಯಂ. ಪ್ರಯೋಜನವಿಲ್ಲ ಎಂದು ಬರೆದರೆ ಮತ್ತೆ ಅಣ್ಣನ ಅಂಗಡಿ, ಗಜಕಡ್ಡಿ. ನನಗೆ ಹೆಣ್ಣು ಕೊಡಲು ಬಂದ ಮಾವನವರು ಸಿರಾದವರು, ಕೊಬ್ಬರಿ ವ್ಯಾಪಾರ, ಮನೆಯಲ್ಲಿ ಸ್ವಂತ ಎರಡು ಎತ್ತಿನ ಗಾಡಿ. ಹುಡುಗನಿಗೆ ಏನು ಕೆಲಸ ಎಂದು ಅವರು ಕೇಳಿದಾಗ ನಾನು, ಸರ್ಕಾರಿ ನೌಕರಿ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಹಿಂದುಗಡೆ ಇರಬೇಕಾದ ಒಂದು ಮಾತು ಬಿಟ್ಟುಹೋಗಿತ್ತು. ಮದುವೆಯ ಗಡಿಬಿಡಿಯಲ್ಲಿ ಎಷ್ಟೋ ಬಿಟ್ಟುಹೋಗುತ್ತವೆ. ಆಮೇಲೆ ಹೇಳೋಣವೆಂದುಕೊಂಡೆ. ಆಮೇಲೆ ಎಂದು ಮುಂದೂಡುತ್ತ ಮುಂದೂಡುತ್ತ ಎರಡು ವರ್ಷವಾಯಿತು. ಅಷ್ಟರಲ್ಲಿ ನನ್ನಾಕೆ ಬಾಡಿಗೆ ಮನೆಯ ಹಿತ್ತಲಲ್ಲಿ ನುಗ್ಗೆ ನೆಟ್ಟು, ಅದು ಕಾಯಿ ಬಿಡಲು ಶುರುವಾಗಿ, ಇಲ್ಲಿಂದ ಇನ್ನೆಲ್ಲಿಗೂ ಹೋಗುವುದಿಲ್ಲ ಎನ್ನುವಂತೆ ನೆಲೆಯೂರಿಬಿಟ್ಟಿದ್ದಳು. ಅದು ಹೊಸ ಕಾಯಿ ಬಿಟ್ಟಾಗಲೆಲ್ಲ ಹೇಳುವ ದಿನವನ್ನು ನಾನು ಇನ್ನಷ್ಟು ಮುಂದೂಡುತ್ತಿದ್ದೆ.

ಆ ಕಾಲದಲ್ಲಿ ಸಣ್ಣ ಮಕ್ಕಳ ವಿಜ್ಞಾನಕ್ಕೆ ವಸ್ತುಪಾಠ ಎಂದು ಹೆಸರು. ಅದರ ನಿಯಮ ಮೇಲಿನಿಂದ ಬಂದ ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು: ವಸ್ತು ಮಕ್ಕಳ ಕಣ್ಣೆದುರಿಗಿರಬೇಕು, ಮೇಷ್ಟರು ಹೇಳಕೂಡದು, ಮಕ್ಕಳೇ ನೋಡಿ ಹೇಳಬೇಕು. ಓದಿದಾಗ, ಇದಕ್ಕಿಂತ ಸುಲಭದ ಕೆಲಸ ಭೂಮಿಯ ಮೇಲೆ ಇಲ್ಲ ಎನ್ನಿಸಿತು. ನನಗಿಂತ ಹಿಂದೆ ಇದ್ದ ಮೇಷ್ಟರು ಬಹಳ ವರ್ಷ ಉಪ್ಪಿನ ಪಾಠ ಒಂದನ್ನೇ ಮಾಡಿಕೊಂಡು ಬಂದಿದ್ದರಂತೆ. ಉಪ್ಪು ಬೆಳ್ಳಗಿದೆ, ಉಪ್ಪು ನೀರಿನಲ್ಲಿ ಕರಗುತ್ತದೆ, ಉಪ್ಪು ಉಪ್ಪಾಗಿದೆ. ಇನ್‌ಸ್ಪೆಕ್ಟರು ಶಾಲೆಯ ಎದುರಿಗೆ ಕಾಣಿಸಿಕೊಂಡರೆ ಸಾಕು, ಕೇಳುವ ಮೊದಲೇ ಮಕ್ಕಳು ಒಟ್ಟಾಗಿ ಬೆಳ್ಳಗಿದೆ ಎಂದು ಕೂಗುತ್ತಿದ್ದರಂತೆ. ನಾನು ಹೊಸ ರಕ್ತದವನು, ಉಪ್ಪಿಗೆ ನಿಲ್ಲುವವನಲ್ಲ ಎಂದು ಬೆಲ್ಲದ ಪಾಠ ಮಾಡಿದೆ. ಪಾಠದ ಅರ್ಧದಲ್ಲೇ ವಸ್ತು ಇಲ್ಲವಾಯಿತು. ಗಾಳಿಯಿಲ್ಲದೆ ದೀಪ ಉರಿಯುವುದಿಲ್ಲವೆಂದು ತೋರಿಸಲು ಗಾಜಿನ ಪಾತ್ರೆ ಸಿಗದೆ, ಉರಿಯುತ್ತಿದ್ದ ಹಣತೆಯ ಮೇಲೆ ಹಿತ್ತಾಳೆ ಚೊಂಬನ್ನು ಬೋರಲು ಹಾಕಿದೆ. ಒಳಗೆ ದೀಪ ಆರಿದೆಯೋ ಉರಿಯುತ್ತಿದೆಯೋ ಯಾರಿಗೂ ಕಾಣಲಿಲ್ಲ. ನೋಡಲೆಂದು ಚೊಂಬು ಎತ್ತಿದರೆ ಬೆರಳು ಸುಟ್ಟಿತು. ಆ ದಿನ ಮಕ್ಕಳು ಸ್ವತಃ ನೋಡಿ ಕಲಿತದ್ದು ಹಿತ್ತಾಳೆ ಕಾಯುತ್ತದೆ ಎಂಬುದೊಂದೇ.

ಇನ್ನೊಮ್ಮೆ ಬೀಜ ಮೊಳೆಯುವ ಪಾಠಕ್ಕೆಂದು ಹುರುಳಿಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡಿಗೆಮನೆಯ ಮೂಲೆಯಲ್ಲಿ ಇಟ್ಟಿದ್ದೆ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತೆ. ಸಾರು ಬಹಳ ರುಚಿಯಾಗಿತ್ತು. ಎರಡನೆಯ ಮುದ್ದೆ ಹಾಕಿಸಿಕೊಂಡು, ಇದೇನು ಇವತ್ತು ಮೊಳಕೆ ಹುರುಳಿ ಸಾರು ಎಂದು ಕೇಳಿದೆ. ಮೂಲೆಯಲ್ಲಿ ಯಾರೋ ಕಟ್ಟಿಟ್ಟಿದ್ದರು, ಹದವಾಗಿ ಮೊಳಕೆ ಬಂದಿತ್ತು, ಹಾಕಿಬಿಟ್ಟೆ ಎಂದಳು ನನ್ನಾಕೆ. ನಾಳೆಯ ಪಾಠ ಗಂಟಲಿನಲ್ಲಿ ಇಳಿಯುತ್ತಿತ್ತು. ಏನು ಮಾಡುವುದು, ಇನ್ನೊಂದು ಸೌಟು ಹಾಕಿಸಿಕೊಂಡೆ.

ಹೀಗಿರುವಾಗ, ಬರುವ ಶುಕ್ರವಾರ ಇನ್‌ಸ್ಪೆಕ್ಟರು ತನಿಖೆಗೆ ಬರುತ್ತಾರೆಂದು ಕಾಗದ ಬಂತು. ಅವರು ಬಹಳ ಶಿಸ್ತಿನವರು, ಉಪ್ಪಿನ ಹೆಸರೆತ್ತಿದರೆ ಕೆಂಡವಾಗುತ್ತಾರೆ ಎಂದು ಕೊಳಾಲದ ಕಡೆಯ ಮೇಷ್ಟರೊಬ್ಬರು ಹೇಳಿಕಳಿಸಿದರು. ನಾನು ಯೋಚಿಸಿ ಯೋಚಿಸಿ ಕುರಿಯನ್ನು ಆರಿಸಿಕೊಂಡೆ. ಊರ ಪಕ್ಕದಲ್ಲೇ ಕುರಿ ಸಾಕುವವರ ಹಟ್ಟಿ. ಶಾಲೆಯ ಮಕ್ಕಳಲ್ಲಿ ಅರ್ಧ ಅಲ್ಲಿಂದಲೇ ಬರುವವರು. ವಸ್ತುವಿಗೆ ಬರವಿಲ್ಲ, ತಿಂದು ಮುಗಿಸುವ ಹಾಗೂ ಇಲ್ಲ. ಪಾಠದ ಟಿಪ್ಪಣಿಯಲ್ಲಿ ಕುರಿಗೆ ನಾಲ್ಕು ಕಾಲು, ಎರಡು ಕಣ್ಣು, ಮೈತುಂಬ ಉಣ್ಣೆ ಎಂದು ಬರೆದು, ಇನ್ನೂ ಅರ್ಧ ಪುಟ ಖಾಲಿ ಉಳಿಯಿತೆಂದು, ಬಾಯಿಯಲ್ಲಿ ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು ಹಲ್ಲುಗಳಿವೆ ಎಂದು ಸೇರಿಸಿದೆ. ಪುಸ್ತಕ ನೋಡಿ ಬರೆದದ್ದಲ್ಲ. ಬಾಯಿ ಅಂದಮೇಲೆ ಹಾಗಲ್ಲದೆ ಇನ್ನು ಹೇಗಿರುತ್ತದೆ ಎಂಬ ಭರವಸೆ.

ಆಮೇಲೆ ಕರಿಹಲಗೆಯ ಮೇಲೆ ಚಿತ್ರ ಬರೆದೆ. ಮೈಯೆಲ್ಲ ಚೆನ್ನಾಗಿಯೇ ಬಂತು. ಹಲ್ಲಿಗೆ ಬಂದಾಗ ಮಾದರಿಗೆ ಏನೂ ಇರಲಿಲ್ಲವಾಗಿ, ನನ್ನಾಕೆಯ ಕುಂಕುಮದ ಪೆಟ್ಟಿಗೆಯ ಕನ್ನಡಿ ತೆಗೆದುಕೊಂಡು ಹೋಗಿ ನನ್ನ ಬಾಯನ್ನೇ ಅಗಲಿಸಿ ನೋಡಿ ನೋಡಿ, ಮೇಲೆ ಎಂಟು ಕೆಳಗೆ ಎಂಟು ಬರೆದೆ. ಮುಗಿಸಿ ದೂರ ನಿಂತು ನೋಡಿದಾಗ ಕುರಿ ಹಲ್ಲು ಕಿರಿದು ನಗುತ್ತಿತ್ತು, ಮುಖದಲ್ಲಿ ಸ್ವಲ್ಪ ನಮ್ಮಣ್ಣನ ಹೋಲಿಕೆಯೂ ಇತ್ತು. ಸೋಮವಾರ ಮಕ್ಕಳಿಗೆ ತೋರಿಸಿದೆ. ಊರೊಳಗಿನ ಮಕ್ಕಳು ಬಾಯಿ ಬಿಟ್ಟು ನೋಡಿದರು. ಹಟ್ಟಿಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದೊಡ್ಡಕ್ಕ ಎದ್ದುನಿಂತಳು. ಹೆಸರು ದೊಡ್ಡಕ್ಕ, ಶಾಲೆಗೆಲ್ಲ ಚಿಕ್ಕವಳು, ಏಳು ವರ್ಷವಿರಬೇಕು. ಅವಳ ಅಣ್ಣಂದಿರು ಕುರಿ ಹಿಂದೆ ಹೋಗುತ್ತಿದ್ದರು. ಹಟ್ಟಿಯಲ್ಲಿ ಒಬ್ಬರಾದರೂ ಕಾಗದ ಓದುವಂತಾಗಲಿ ಎಂದು ಅವಳ ಅಜ್ಜ ಕ್ಯಾತಜ್ಜ, ಮೇಯಿಸುವುದಕ್ಕೆ ಇನ್ನೂ ಕೈಗೆ ಬಾರದ ಇವಳನ್ನು ಶಾಲೆಗೆ ಬಿಟ್ಟಿದ್ದ.

"ಸಾಮಿ, ಕುರೀಗೆ ಮ್ಯಾಲ್ಕಡೆ ಮುಂದ್ಲಲ್ಲು ಇರಾಕಿಲ್ಲ" ಎಂದಳು.

ಅವಳು ಹೇಳಿದ ರೀತಿಯಲ್ಲಿ ಎದುರುತ್ತರದ ಧಾಟಿ ಒಂದಿಷ್ಟೂ ಇರಲಿಲ್ಲ. ಮೇಷ್ಟರ ಕೋಟಿಗೆ ಹುಲ್ಲು ಅಂಟಿಕೊಂಡಿದೆ ಎಂದು ಹೇಳುವ ಹಾಗೆ ಹೇಳಿದಳು. ಆದರೆ ನನ್ನ ತಲೆಯಲ್ಲಿ ಶುಕ್ರವಾರ ಕುಳಿತಿತ್ತು. ಪುಸ್ತಕ ಬರೆದ ಪಂಡಿತರು ನಿನಗಿಂತ ದಡ್ಡರೇನೇ ಎಂದು ಗದರಿಸಿದೆ. ಯಾವ ಪುಸ್ತಕ, ಯಾವ ಪಂಡಿತರು ಎಂದು ಅವಳು ಕೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಅವಳು ಕೇಳಲಿಲ್ಲ, ಮೆಲ್ಲಗೆ ಕುಳಿತಳು. ಮರುದಿನ ದೊಡ್ಡಕ್ಕ ಶಾಲೆಗೆ ಬರಲಿಲ್ಲ. ಅವಳು ಬರಲಿಲ್ಲವೆಂದು ಹಟ್ಟಿಯ ಉಳಿದ ಮಕ್ಕಳೂ ಬರಲಿಲ್ಲ. ಹಾಜರಿ ಪುಸ್ತಕದ ಆ ದಿನದ ಪುಟ, ಬೆಳೆ ಕೊಯ್ದ ಹೊಲದ ಹಾಗೆ ಬೋಳಾಗಿ ಕಂಡಿತು. ತನಿಖೆಗೆ ಮೂರು ದಿನ ಉಳಿದಿತ್ತು. ಮಕ್ಕಳೇ ಇಲ್ಲದ ಶಾಲೆಯ ಮೇಷ್ಟರನ್ನು ಖಾಯಂ ಮಾಡುವ ಇನ್‌ಸ್ಪೆಕ್ಟರು ಇನ್ನೂ ಹುಟ್ಟಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ನನ್ನಾಕೆಗೆ ವಿಷಯ ಹೇಳಿದೆ, ಹಂಗಾಮಿ ಎಂಬ ಭಾಗವನ್ನು ಬಿಟ್ಟು. ಆಕೆ ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಿ, ಎತ್ತಿಗೂ ಮೇಲೆ ಮುಂದಿನ ಹಲ್ಲು ಇಲ್ಲ, ಎಮ್ಮೆಗೂ ಇಲ್ಲ, ಕುರಿಗೆ ಎಲ್ಲಿಂದ ಬರಬೇಕು ಎಂದಳು. ಇದು ಲೋಕಕ್ಕೆಲ್ಲ ಗೊತ್ತಿರುವ ವಿಷಯವೇ ಎಂದು ಕೇಳಿದೆ. ಲೋಕಕ್ಕೆ ಗೊತ್ತು ಎಂದಳು, ನನ್ನನ್ನು ಲೋಕದಿಂದ ಮೃದುವಾಗಿ ಬೇರ್ಪಡಿಸಿ. ನನಗೆ ಆಗಲೂ ನಂಬಿಕೆ ಬರಲಿಲ್ಲ. ಹೆಂಡತಿ ಹೇಳಿದ್ದನ್ನು ಒಂದೇ ಸಲಕ್ಕೆ ನಂಬುವುದು ಆ ಕಾಲದ ಗಂಡಸರಿಗೆ ರೂಢಿಯಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ನಾನೇ ಹೋಗಿ ಕಣ್ಣಾರೆ ನೋಡಿಬಿಡುವುದೆಂದು, ಸುತ್ತೋಲೆಯಲ್ಲಿ ಹೇಳಿದ ಹಾಗೆ, ಹಟ್ಟಿಯ ಕಡೆ ಹೊರಟೆ.

ಯಾರ ಕಣ್ಣಿಗೂ ಬೀಳದೆ ಕೆಲಸ ಮುಗಿಸಬೇಕೆಂದು ಹಟ್ಟಿಯ ಹಿಂಭಾಗದಿಂದ ಹೋದೆ. ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಯ ಹೊರಗೆ ಒಂದೇ ಒಂದು ಪ್ರಾಣಿಯನ್ನು ಗೂಟಕ್ಕೆ ಕಟ್ಟಿದ್ದರು. ಉಳಿದವುಗಳಿಗಿಂತ ಒಂದಿಷ್ಟು ದಪ್ಪವಾಗಿತ್ತು, ಕೊಂಬು ಸುರುಳಿ ಸುತ್ತಿತ್ತು. ಅದು ಟಗರು, ಅದನ್ನು ಬೇರೆಯಾಗಿ ಕಟ್ಟಿರುವುದಕ್ಕೆ ಕಾರಣವಿದೆ ಎಂದು ನನಗೆ ಯಾರು ಹೇಳಬೇಕು? ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ಆ ಅನ್ನು ಎಂದು ನಾನೇ ಬಾಯಿ ತೆರೆದು ತೋರಿಸಿದೆ, ಸಣ್ಣ ತರಗತಿಯಲ್ಲಿ ಅಕ್ಷರ ಹೇಳಿಸುವ ಹಾಗೆ. ಟಗರು ನನ್ನ ಬಾಯನ್ನು ನೋಡಿತು. ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ನನಗೆ ಹೆದರಿತು ಪಾಪ ಎಂದುಕೊಂಡು ನಾನು ಒಂದು ಹೆಜ್ಜೆ ಮುಂದೆ ಜರುಗಿದೆ. ಅಷ್ಟೇ ನನ್ನ ನೆನಪಿನಲ್ಲಿ ಇರುವುದು. ಮುಂದಿನ ಕ್ಷಣದಲ್ಲಿ ನಾನು ಕುರಿಗೊಬ್ಬರದ ರಾಶಿಯ ಮೇಲೆ ಅಂಗಾತ ಬಿದ್ದಿದ್ದೆ. ಪೇಟ ಒಂದು ಕಡೆ, ಕನ್ನಡಕ ಇನ್ನೊಂದು ಕಡೆ. ಮೇಲೆ ಆಕಾಶ ಕಾಣಬೇಕಾದಲ್ಲಿ ಕ್ಯಾತಜ್ಜನ ಮುಖ ಕಂಡಿತು.

ಕ್ಯಾತಜ್ಜ ನನ್ನನ್ನು ಎಬ್ಬಿಸಿ ಕೂರಿಸಿ, ಕಂಬಳಿಯ ತುದಿಯಿಂದ ಕೋಟು ಝಾಡಿಸಿ, ಕುಡಿಯಲು ಮಜ್ಜಿಗೆ ತಂದುಕೊಟ್ಟ. ನಕ್ಕನೆಂದು ಹೇಳಲಾರೆ, ಮೀಸೆ ಮಾತ್ರ ಸ್ವಲ್ಪ ಅಲ್ಲಾಡುತ್ತಿತ್ತು. ಏಕೆ ಬಂದಿರಿ ಎಂದು ಅವನು ಕೇಳಲಿಲ್ಲ. ಸುಳ್ಳು ಹೇಳಲು ಸುತ್ತಮುತ್ತ ಏನೂ ಹೊಳೆಯದ್ದರಿಂದ ನಾನೇ ನಿಜ ಹೇಳಿದೆ. ಮೇಲಿನ ಹಲ್ಲು ನೋಡಲು ಬಂದೆ ಎಂದೆ. ಆಗ ಅವನು ಆಡಿದ ಮಾತಿನಷ್ಟು ದಾಕ್ಷಿಣ್ಯದ ಮಾತನ್ನು ನಾನು ಓದಿದವರ ಬಾಯಲ್ಲೂ ಕೇಳಿಲ್ಲ.

"ಮಗು ಬಂದು ಹೇಳ್ತು ಮೇಷ್ಟ್ರೆ. ನಂ ಕುರೀಗಿಲ್ಲ. ಮೈಸೂರ್ಕಡೆ ಸರ್ಕಾರದ ಕುರೀಗೆ ಇದ್ರೂ ಇರಬೌದು ಬುಡು, ಕಂಡೋರ್ಯಾರು ಅಂದೆ" ಎಂದ.

ದೊಡ್ಡಕ್ಕನಿಗೆ ನನ್ನ ಮೇಲೆ ಬಹಳ ಸಿಟ್ಟೇ ಎಂದು ಕೇಳಿದೆ. ಸಿಟ್ಟಲ್ಲ, ತಾನು ಎದುರಿಗೆ ಕೂತಿದ್ದರೆ ಮೇಷ್ಟ್ರಿಗೆ ಬೇಜಾರಾಗುತ್ತದೆ ಎಂದು ಮನೆಯಲ್ಲಿ ಉಳಿದಿದ್ದಾಳೆ ಎಂದ. ಆ ಮಾತು ಟಗರಿಗಿಂತ ಜೋರಾಗಿ ಗುದ್ದಿತು. ಏಳು ವರ್ಷದ ಮಗು ನನ್ನ ಮಾನ ಉಳಿಸಲೆಂದು ಶಾಲೆ ಬಿಟ್ಟಿದೆ. ನಾನು ಆ ಮಾನವನ್ನು ಉಳಿಸಿಕೊಳ್ಳಲು ಅದನ್ನು ಗದರಿಸಿದ್ದೇನೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಕ್ಯಾತಜ್ಜ ಒಂದು ಸಾಧು ಹೆಣ್ಣು ಕುರಿಯನ್ನು ಹಿಡಿದು ತಂದು ಪಾಠ ಶುರು ಮಾಡಿದ. ಅವನದು ನಿಜವಾದ ವಸ್ತುಪಾಠ, ಅರ್ಧ ಮಾತು ಕೂಡ ಹೆಚ್ಚಿಲ್ಲ. ಎಡಗೈಯನ್ನು ಗದ್ದದ ಕೆಳಗೆ ಹಾಕಿಸಿ, ಬಲಗೈ ಹೆಬ್ಬೆರಳಿನಿಂದ ತುಟಿ ಬಿಡಿಸಲು ಹೇಳಿದ. ಕೆಳಗೆ ಅಂದವಾಗಿ ಹಲ್ಲಿನ ಸಾಲು. ಮೇಲೆ ಬರೀ ವಸಡು, ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಮುಟ್ಟಿ ನೋಡಿದೆ. ಹಿಂದಕ್ಕೆ ಬೆರಳು ಬಿಡಬೇಡಿ, ಅಲ್ಲಿ ಮೇಲೂ ಕೆಳಗೂ ದವಡೆ ಹಲ್ಲಿವೆ, ಕಡಿದರೆ ಬೆರಳಿರುವುದಿಲ್ಲ ಎಂದು ಎಚ್ಚರಿಸಿದ. ಆಮೇಲೆ ಮರಿಗೆ ಹಾಲುಹಲ್ಲು, ಅದು ಬಿದ್ದು ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದರೆ ಬಾಯಿಗೂಡಿತು ಎಂದು ಒಂದೊಂದು ಕುರಿಯ ಬಾಯಿ ಬಿಡಿಸಿ ವಯಸ್ಸು ತೋರಿಸಿದ. ಕುರಿಯ ಜಾತಕ ಅದರ ಬಾಯಲ್ಲೇ ಇರುತ್ತದೆ, ಹಟ್ಟಿಯ ಸಣ್ಣ ಮಗುವೂ ಅದನ್ನು ಓದುತ್ತದೆ. ಓದಲು ಬಾರದವನು ಇಡೀ ಹಟ್ಟಿಯಲ್ಲಿ ಆ ಸಂಜೆ ನಾನೊಬ್ಬನೇ. ಹೊರಡುವಾಗ ದೊಡ್ಡಕ್ಕನನ್ನು ಕರೆದು, ನೀನು ಹೇಳಿದ್ದೇ ಸರಿ, ಶುಕ್ರವಾರ ಈ ಕುರಿಯನ್ನು ನೀನೇ ಶಾಲೆಗೆ ಹಿಡಿದುಕೊಂಡು ಬರಬೇಕು ಎಂದೆ. ಅವಳು ಅಜ್ಜನ ಕಂಬಳಿಯ ಹಿಂದಿನಿಂದ ತಲೆಯಾಡಿಸಿದಳು.

ಬುಧವಾರ ಹಟ್ಟಿಯ ಮಕ್ಕಳೆಲ್ಲ ಬಂದರು. ನಾನು ಹಲಗೆಯ ಮೇಲಿನ ಕುರಿಯ ಮೇಲ್ಸಾಲು ಹಲ್ಲನ್ನು ಅಳಿಸಿದೆ. ಆದರೆ ನಮ್ಮ ಹಲಗೆ ಬಹಳ ಹಳೆಯದು, ಒಮ್ಮೆ ಬರೆದದ್ದನ್ನು ಅಷ್ಟು ಸುಲಭವಾಗಿ ಮರೆಯುವ ಅಭ್ಯಾಸ ಅದಕ್ಕೆ ಇರಲಿಲ್ಲ. ಒದ್ದೆ ಬಟ್ಟೆ, ಇದ್ದಿಲು, ಹಲಗೆ ಕಪ್ಪಾಗಿಸಲು ಬಳಿಯುವ ಕಾಡಿಗೆ ಸೊಪ್ಪು ಎಲ್ಲ ಹಾಕಿ ಉಜ್ಜಿದರೂ ಎಂಟು ಹಲ್ಲು ಮಬ್ಬಾಗಿ ಉಳಿದೇ ಉಳಿದವು.

ಶುಕ್ರವಾರ ಇನ್‌ಸ್ಪೆಕ್ಟರು ಬೈಸಿಕಲ್ಲಿನ ಮೇಲೆ ಬಂದರು. ಬಿಳಿ ಪ್ಯಾಂಟು, ಕರಿಯ ಕೋಟು, ಜರಿ ಪೇಟ, ನಗೆಯ ಲಕ್ಷಣವಿಲ್ಲದ ಮುಖ. ಓದಿಸಿದರು, ಬಾಯಿಲೆಕ್ಕ ಕೇಳಿದರು, ಹಾಜರಿ ಪುಸ್ತಕ ನೋಡಿದರು. ಕೊನೆಗೆ ವಸ್ತುಪಾಠ ಎಂದರು. ಗೋಡೆಯಿಲ್ಲದ ಕಡೆಯಲ್ಲಿ ದೊಡ್ಡಕ್ಕ ಕುರಿಯ ಕೊರಳಿಗೆ ತೋಳು ಹಾಕಿ ನಿಂತಿದ್ದಳು. ನಾನು ಕಾಲಿನಿಂದ ಆರಂಭಿಸಿದೆ. ಕಾಲು, ಗೊರಸು, ಬಾಲ, ಉಣ್ಣೆ ಎಲ್ಲ ಸುಸೂತ್ರವಾಗಿ ಸಾಗಿತು. ಅಷ್ಟರಲ್ಲಿ ಇನ್‌ಸ್ಪೆಕ್ಟರು ಎದ್ದು ಹಲಗೆಯ ಹತ್ತಿರ ಹೋಗಿ ಚಿತ್ರವನ್ನು ನೋಡಿದರು. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದರು. ಮೇಲಿನ ಹಲ್ಲುಗಳು ಅಳಿಸಿಹೋಗಿವೆ, ಇಷ್ಟು ಚೆನ್ನಾಗಿ ಬರೆದ ಚಿತ್ರ ಅರೆಬರೆಯಾಗಿರಬಾರದು, ಸರಿಪಡಿಸಿ ಎಂದು ಸೀಮೆಸುಣ್ಣವನ್ನು ಅವರೇ ನನ್ನ ಕೈಗೆ ಕೊಟ್ಟರು.

ಹಿಂದಿನಿಂದ ದೊಡ್ಡಕ್ಕನ ಧ್ವನಿ ಬಂತು. "ಮ್ಯಾಲೆ ಇರಾಕಿಲ್ಲ ಸಾಮಿ."

ಇನ್‌ಸ್ಪೆಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಮಗು ತಪ್ಪು ಹೇಳುತ್ತಿದೆಯಲ್ಲ ಮೇಷ್ಟ್ರೇ. ನೀವು ತಿದ್ದುವುದಿಲ್ಲವೆ?" ಎಂದರು.

ಓದುಗರೇ, ಆಗ ನಾನು ಏನು ಮಾಡಿದೆನೆಂದು ಸುಳ್ಳು ಹೇಳುವುದಿಲ್ಲ. ನನ್ನ ಕಣ್ಣ ಮುಂದೆ ಗಜಕಡ್ಡಿ ಬಂತು, ಅಣ್ಣ ಬಂದ, ಮಾವನವರು ಬಂದರು, ನುಗ್ಗೆಮರ ಬಂತು. ನಾನು ಹಲಗೆಯ ಕಡೆ ತಿರುಗಿ ಹಲ್ಲು ಬರೆಯಲು ಶುರುಮಾಡಿದೆ. ಒಂದು ಹಲ್ಲಿನ ಮುಕ್ಕಾಲು ಭಾಗ ಬರೆದೂ ಬಿಟ್ಟಿದ್ದೆ. ಆಗ ಏಕೋ ಹಿಂತಿರುಗಿ ನೋಡಿದೆ. ದೊಡ್ಡಕ್ಕನ ಮುಖದಲ್ಲಿ ಸಿಟ್ಟಾಗಲಿ ಅಳುವಾಗಲಿ ಇರಲಿಲ್ಲ. ಅವಳು ತಲೆ ತಗ್ಗಿಸಿ ಕುರಿಯ ಕಿವಿಯನ್ನು ಸವರುತ್ತಿದ್ದಳು. ನನ್ನನ್ನು ನೋಡಿದರೆ ನನಗೆ ಬೇಜಾರಾದೀತೆಂದು ಬೇರೆ ಕಡೆ ನೋಡುತ್ತಿದ್ದಳು. ಬಾಯಿಂದ ಒಂದಕ್ಷರವೂ ಹೊರಡಲಿಲ್ಲ. ಕೈ ಮಾತ್ರ ನನ್ನನ್ನು ಕೇಳದೆ ಹೋಗಿ ಕೋಟಿನ ತೋಳಿನಿಂದ ಆ ಮುಕ್ಕಾಲು ಹಲ್ಲನ್ನು ಒರೆಸಿಹಾಕಿತು. ಒರೆಸಿ, ಮೂಕನಂತೆ ಕುರಿಯ ಕಡೆ ಬೊಟ್ಟು ಮಾಡಿತು.

ದೊಡ್ಡಕ್ಕನಿಗೆ ಅಷ್ಟು ಸಾಕಾಯಿತು. ಕುರಿಯನ್ನು ಇನ್‌ಸ್ಪೆಕ್ಟರ ಎದುರಿಗೆ ತಂದು, ಎಡಗೈ ಗದ್ದದ ಕೆಳಗೆ ಹಾಕಿ, ಪುಟ್ಟ ಹೆಬ್ಬೆರಳಿನಿಂದ ತುಟಿ ಬಿಡಿಸಿದಳು. ಅವರು ಬಗ್ಗಿ ನೋಡಿದರು. ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ, ಬೆರಳು ಹಾಕಿ ಮುಟ್ಟಿದರು. ಬೆರಳು ಮೆಲ್ಲಗೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಯಿತು. ಹಿಂದಕ್ಕೆ ಬ್ಯಾಡಿ ಸಾಮಿ, ಕಡಿತದೆ ಎಂದಳು ದೊಡ್ಡಕ್ಕ. ಬೆರಳು ಥಟ್ಟನೆ ಹೊರಗೆ ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು. ಆ ಬೆರಳೇ ಅಲ್ಲವೇ ನನ್ನ ಬಗ್ಗೆ ಬರೆಯಬೇಕಾದದ್ದು? ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡರು. ಇದಕ್ಕೆ ಎಷ್ಟು ವಯಸ್ಸು ಎಂದು ಕೇಳಿದರು. ಆರಲ್ಲಾಗೈತೆ, ಬಾಯ್ಗೂಡಾಕೆ ಇನ್ನೊಂದ್ವರ್ಷ ಬೇಕು ಎಂದು ಅವಳು ಲೆಕ್ಕ ಒಪ್ಪಿಸಿದಳು. ಕುರಿ ಎಲ್ಲ ಮುಗಿಯಿತೆಂದು ಹೊರಗಿನ ಹುಲ್ಲಿಗೆ ಬಾಯಿ ಹಾಕಿತು.

ಆಮೇಲೆ ಅವರು ಕುಳಿತು ವಿಜಿಟರ ಪುಸ್ತಕದಲ್ಲಿ ಬರೆದರು. ನಾನು ದೂರದಿಂದ ಪೆನ್ನಿನ ತುದಿ ಓಡುವುದನ್ನೇ ನೋಡುತ್ತ, ಕುಲದೇವರಾದ ವೀರಭದ್ರನಿಗೆ ಒಂದು ಕಾಯಿ ಎಂದು ಆರಂಭಿಸಿ, ಅವರು ಪುಟ ತಿರುಗಿಸುವಷ್ಟರಲ್ಲಿ ಹನ್ನೊಂದು ಕಾಯಿಗೆ ಏರಿಸಿದ್ದೆ. ಪುಸ್ತಕ ನನ್ನ ಕೈಗೆ ಬಂತು. ಈ ಉಪಾಧ್ಯಾಯರು ವಸ್ತುಪಾಠದ ತತ್ವವನ್ನು ಪೂರ್ಣವಾಗಿ ಅರಿತಿದ್ದಾರೆ, ಅಧಿಕಾರಿಗಳು ಎದುರಿಗೆ ಒತ್ತಾಯಿಸಿದರೂ ತಾವು ಬಾಯಿ ತೆರೆಯದೆ ಮಕ್ಕಳೇ ನೋಡಿ ಹೇಳುವಂತೆ ಮಾಡುತ್ತಾರೆ, ಖಾಯಂ ಮಾಡತಕ್ಕದ್ದು ಎಂದು ಬರೆದಿತ್ತು. ಭಯದಿಂದ ಗಂಟಲು ಕಟ್ಟಿದ್ದು ಸುತ್ತೋಲೆಯ ಪ್ರಕಾರ ಸರಿಯಾದ ಕ್ರಮವಾಗಿತ್ತು. ನಾನು ಮೂರು ಸಲ ಓದಿದೆ. ಎದೆಯ ಮೇಲೆ ಎರಡು ವರ್ಷದಿಂದ ಕುಳಿತಿದ್ದ ಚಪ್ಪಡಿಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಬೈಸಿಕಲ್ ಹತ್ತುವ ಮುನ್ನ ಇನ್‌ಸ್ಪೆಕ್ಟರು ನನ್ನನ್ನು ಬೇಲಿಯ ಮರೆಗೆ ಕರೆದು, "ನಮ್ಮ ಮನೇಲಿ ನಾಲ್ಕು ಹಸು ಇವೆ ಮೇಷ್ಟ್ರೇ" ಎಂದು ಸಣ್ಣ ದನಿಯಲ್ಲಿ ಹೇಳಿ, 'ಹೋಗಿ ಮೊದಲು ಅವನ್ನು ನೋಡಬೇಕು' ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಹೊರಟುಹೋದರು. ನಮ್ಮಣ್ಣನ ಮನೆಯ ಹಿತ್ತಲೇ ಇರಲಿ, ಇನ್‌ಸ್ಪೆಕ್ಟರ ಹಿತ್ತಲೇ ಇರಲಿ, ಹಸು ಎಮ್ಮೆಯ ಮುಂದಿನ ಕಡೆ ಯಾರೂ ಹೋಗಿಲ್ಲ ಎಂದು ನನಗೆ ಬಹಳ ಸಮಾಧಾನವಾಯಿತು.

ಹಗುರವಾದ ಮನಸ್ಸಿನಲ್ಲಿ ಮನೆಗೆ ಬಂದೆ. ಇನ್ನು ಮುಚ್ಚಿಡುವುದು ಏತಕ್ಕೆ ಎಂದು, ನನ್ನಾಕೆಯನ್ನು ಜಗಲಿಯ ಮೇಲೆ ಕೂರಿಸಿಕೊಂಡು, ನೌಕರಿ ಹಂಗಾಮಿಯಾಗಿತ್ತು, ಇವತ್ತು ಖಾಯಂ ಆಯಿತು, ನಿನಗೂ ನಿಮ್ಮಪ್ಪನಿಗೂ ಹೇಳದೆ ಇದ್ದದ್ದು ತಪ್ಪಾಯಿತು ಎಂದು ದೊಡ್ಡದಾಗಿ ಪೀಠಿಕೆ ಹಾಕಿ ಒಪ್ಪಿಕೊಂಡೆ. ಆಕೆ ಅವರೆಕಾಯಿ ಸುಲಿಯುತ್ತಿದ್ದ ಕೈಯನ್ನೂ ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡಿ. ನಮ್ಮಪ್ಪ ಎತ್ತು ತರೋವಾಗ್ಲೇ ಬಾಯಿ ಬಿಡಿಸಿ ನೋಡ್ದೆ ತರೋರಲ್ಲ, ಅಳಿಯನ್ನ ವಿಚಾರಿಸ್ದೆ ತರ್ತಾರಾ?" ಎಂದಳು.

ಮತ್ತೆ ಎರಡು ವರ್ಷ ಏಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "ನಿಮಗೆ ಬೇಜಾರಾಗುತ್ತೆ ಅಂತ" ಎಂದಳು. ಹೇಳಿ, ಸುಲಿದ ಕಾಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಎದ್ದು, ಕುಂಕುಮದ ಪೆಟ್ಟಿಗೆಯ ಕನ್ನಡಿ ತೆಗೆದು, ಬಾಯಿ ಅಗಲಿಸಿ ನೋಡಿಕೊಂಡೆ. ಮೇಲಿನ ಸಾಲು ಇತ್ತು. ಹಟ್ಟಿಗೂ ಹೆಂಡತಿಗೂ ಮಾವನಿಗೂ ಮೊದಲೇ ಗೊತ್ತಿದ್ದದ್ದು ಯಾವುದೂ ಗೊತ್ತಿರದ ನಾನು ಕುರಿಯಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಉಳಿದಿದ್ದ ಪುರಾವೆ ಅದೊಂದೇ. ಇಷ್ಟು ವರ್ಷ ಅದನ್ನೇ ನೆಚ್ಚಿಕೊಂಡು ತಲೆಯೆತ್ತಿ ಓಡಾಡಿಕೊಂಡಿದ್ದೆ. ಹೋದ ವಾರ ಮುದ್ದೆಯ ಜೊತೆ ಮೇಲಿನ ಸಾಲಿನ ಕೊನೆಯ ಹಲ್ಲೂ ಉದುರಿತು.